ಮೇಜಿನ ಅಳತೆಗೆ ಹೊಲಿದ ಕಟ್ಟಡ

ಮೇಜಿನ ಮೇಲೆ ಒಂದು ಗೋಲಿ ಇಟ್ಟು ಪಕ್ಕದಿಂದ ಟಾರ್ಚ್ ಬಿಡಿ. ಗೋಲಿಗಿಂತ ಅದರ ನೆರಳೇ ದೊಡ್ಡದಾಗಿ ಬೀಳುತ್ತದೆ. ಈಗ ಟಾರ್ಚನ್ನು ಗೋಲಿಯ ನೆತ್ತಿಗೆ ಸರಿಯಾಗಿ ಹಿಡಿಯಿರಿ. ನೆರಳು ಬುಡಕ್ಕೆ ಬಂದು ಸೇರಿಕೊಳ್ಳುತ್ತದೆ. ಮೇಜಿನ ಮೇಲಿನ ಚೆಂಡನ್ನು ಕೋಲಿನಿಂದ ಗುರಿಯಿಟ್ಟು ಹೊಡೆಯುವ ಆಟ ಬಿಲಿಯರ್ಡ್ಸ್. ಅದರ ಹಾಲ್ ಕಟ್ಟುವವರು ಮೊದಲು ಬಗೆಹರಿಸಬೇಕಾಗಿದ್ದ ಲೆಕ್ಕಗಳಲ್ಲಿ ಈ ನೆರಳೂ ಒಂದು.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಚೋರ್ಲ್ಟನ್ ಬಡಾವಣೆಯಲ್ಲಿ ಅಂಥ ಒಂದು ಹಾಲ್ ಇದೆ. ಕಟ್ಟಿದ್ದು 1907ರಲ್ಲಿ, ಏಳನೇ ಎಡ್ವರ್ಡ್ ದೊರೆಯ ಕಾಲದಲ್ಲಿ. ಕಟ್ಟಿಸಿದ್ದು ಟೆಂಪರೆನ್ಸ್ ಬಿಲಿಯರ್ಡ್ ಹಾಲ್ ಕಂಪನಿ. ಕುಡಿತ ಬಿಡಿಸುವ ಚಳವಳಿಯ ಭಾಗವಾಗಿ 1906ರಲ್ಲಿ ಹುಟ್ಟಿದ ಕಂಪನಿ ಅದು. ದುಡಿದು ದಣಿದವರು ಸಂಜೆ ಹೆಂಡದಂಗಡಿಗೆ ಹೋಗುವ ಬದಲು ಇಲ್ಲಿ ಬಂದು ಆಡಲಿ ಎಂಬುದು ಅದರ ಆಸೆ. ನಕ್ಷೆ ಬರೆದವರು ನಾರ್ಮನ್ ಇವಾನ್ಸ್.

ಇಂಥ ಹಾಲಿನ ಯಾವ ಭಾಗ ಹೀಗೇಕಿದೆ ಎಂದು ಕೇಳಿದರೂ ಉತ್ತರ ಟೇಬಲ್ಲಿನಲ್ಲೇ ಸಿಗುತ್ತದೆ. ನನಗೆ ತುಂಬಾ ಇಷ್ಟವಾಗುವುದು ಅದೇ.

ಟೇಬಲ್ ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಗೆದ್ದಿರುವುದೂ ಇದೇ ಅಳತೆಯ ಟೇಬಲ್ ಮೇಲೆ. ಆದರೆ ಅಷ್ಟೇ ಜಾಗ ಸಾಲದು. ಆಡುವ ಕೋಲು, ಅಂದರೆ ಕ್ಯೂ, ಹತ್ತಿರ ಹತ್ತಿರ 5 ಅಡಿ. ಅಂಚಿಗೆ ಅಂಟಿ ನಿಂತ ಚೆಂಡನ್ನು ಹೊಡೆಯಲು ಅದನ್ನು ಹಿಂದಕ್ಕೆ ಎಳೆಯಬೇಕಲ್ವಾ? ಹಾಗಾಗಿ ಒಂದು ಟೇಬಲ್ಲಿಗೆ 22 ಅಡಿ ಉದ್ದ, 16 ಅಡಿ ಅಗಲದ ಜಾಗ ಬೇಕು. ನಡುವೆ ಕಂಬ ಬಂದರೆ ಕೋಲು ಬಡಿಯುತ್ತದೆ.

ಇಂಥ ಹಲವು ಟೇಬಲ್ ಹಿಡಿಸುವಷ್ಟು ಅಗಲದ ಸೂರನ್ನು ಕಂಬವಿಲ್ಲದೆ ನಿಲ್ಲಿಸುವುದು ಹೇಗೆ? ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಕಮಾನು ಚಾವಣಿ ಇದಕ್ಕೆ ಒದಗಿತು. ಒಂದು ಬಿದಿರಿನ ದಬ್ಬೆಯನ್ನು ಬಗ್ಗಿಸಿ ನೆಲಕ್ಕೆ ಊರಿ ಮೇಲಿಂದ ಒತ್ತಿ ನೋಡಿ. ಎರಡೂ ತುದಿ ಹೊರಕ್ಕೆ ಜಾರುತ್ತವೆ. ಕಮಾನೂ ಗೋಡೆಗಳನ್ನು ಹೀಗೇ ಹೊರಕ್ಕೆ ನೂಕುತ್ತದೆ. ಅದನ್ನು ತಡೆಯಲು ಗೋಡೆ ಗಟ್ಟಿಯಾಗಿರಬೇಕು, ಇಲ್ಲವೇ ಎರಡೂ ಬದಿಯನ್ನು ಸರಳಿನಿಂದ ಬಿಗಿಯಬೇಕು.

ಚಾವಣಿ ಅಷ್ಟು ಎತ್ತರಕ್ಕೆ ಹೋದರೆ ಅಲ್ಲೇ ಕಿಟಕಿ ಇಡಬಹುದು. ಹಗಲು ಬೆಳಕು ನೆತ್ತಿಯಿಂದ ಇಳಿಯುತ್ತದೆ. ರಾತ್ರಿಗೆ ಪ್ರತಿ ಟೇಬಲ್ ಮೇಲೂ ಸಾಲಾಗಿ ದೀಪ ತೂಗುಹಾಕುತ್ತಿದ್ದರು. ಒಂದು ದೀಪದ ನೆರಳನ್ನು ಪಕ್ಕದ ದೀಪ ತಿಳಿಯಾಗಿಸುತ್ತದೆ. ಬಣ್ಣದ ಗಾಜಿನ ಅಲಂಕಾರವೂ ಈ ಹಾಲ್‌ಗಳಲ್ಲಿ ಉಂಟು.

ಇನ್ನು ಭಾರದ ಮಾತು. ಟೇಬಲ್ಲಿಗೆ ಹೊದಿಸಿದ ಹಸಿರು ಬಟ್ಟೆಯ ಕೆಳಗಿರುವುದು ಮರವಲ್ಲ, ಸ್ಲೇಟು ಕಲ್ಲಿನ ಐದು ಚಪ್ಪಡಿ. ಮರ ತೇವಕ್ಕೆ ಸೊಟ್ಟಗಾಗುತ್ತದೆ, ಕಲ್ಲು ಆಗುವುದಿಲ್ಲ. ಇಡೀ ಟೇಬಲ್ 1 ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎಂಟು ಕಾಲಿಗೆ ಹಂಚಿದರೂ ಒಂದೊಂದರ ಮೇಲೆ 125 ಕಿಲೋಗೂ ಹೆಚ್ಚು. ನೆಲ ಒಂದು ಕಡೆ ಕೂದಲೆಳೆಯಷ್ಟು ಕುಸಿದರೂ ಮೆಲ್ಲಗೆ ಉರುಳುವ ಚೆಂಡು ದಾರಿ ತಪ್ಪುತ್ತದೆ.

ಚೋರ್ಲ್ಟನ್ನಿನ ಹಾಲ್ ಮುಂದೆ ಪಬ್ ಆಯಿತು. ಸರ್ಕಾರ ಅದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದೆ. ಆ ಕಡೆ ಹೋದರೆ ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ನೋಡಿ. ಕಂಬವಿಲ್ಲದೆ ಸೂರು ನಿಲ್ಲಿಸಲು ಎತ್ತಿದ ಆ ಕಮಾನು ಅಲ್ಲೇ ಇದೆ.