ಖರಾಬು ಜಮೀನಿನ ಮೊಟ್ಟೆಗಳು

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ 2013ರಲ್ಲಿ ಒಂದು ಮೊಟ್ಟೆ ಬೆಳಕಿಗೆ ಬಂತು. ಅದನ್ನು 1917ರಲ್ಲಿ ಸಂಗ್ರಹಿಸಿದ್ದವರು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಪಶುವೈದ್ಯರಾಗಿದ್ದ ಅರ್ನೆಸ್ಟ್ ಮೀಟನ್. ಡಿಎನ್‌ಎ ತಾಳೆ ಹಾಕಿ ನೋಡಿದಾಗ ಅದು ಜೆರ್ಡಾನ್ಸ್ ಕೋರ್ಸರ್ ಹಕ್ಕಿಯದೆಂದು ಖಚಿತವಾಯಿತು. ನೆಲದ ಮೇಲೆಯೇ ಬದುಕುವ, ರಾತ್ರಿ ಹೊತ್ತು ಓಡಾಡುವ ಈ ಹಕ್ಕಿ 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ ಎಂದು ಪುಸ್ತಕಗಳು ಬರೆದುಕೊಂಡಿದ್ದವು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯಲ್ಲಿ ಊರಿನವರ ಕೈಗೆ ಒಂದು ಸಿಗುವವರೆಗೆ ಅದು ಅಳಿದೇಹೋಯಿತು ಎಂದೇ ಎಲ್ಲರ ಲೆಕ್ಕ. ಪುಸ್ತಕಗಳು ಕೈಬಿಟ್ಟ ಮೇಲೂ ಹದಿನೇಳು ವರ್ಷ ಕೋಲಾರದ ಕಡೆ ಅದು ಮೊಟ್ಟೆ ಇಡುತ್ತಿತ್ತು ಎಂದಾಯಿತು. ಈಗ ಅಲ್ಲಿ ಅದು ಇಲ್ಲ. ಯಾವಾಗ ಹೋಯಿತು ಎಂದು ಹೇಳುವವರೂ ಇಲ್ಲ, ಏಕೆಂದರೆ ಅದಿದ್ದ ಜಾಗವನ್ನು ನೋಡುವ ಕೆಲಸ ಯಾರದೂ ಆಗಿರಲಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ತೊಂದರೆ ಶುರುವಾಗುವುದೇ ಇಲ್ಲಿಂದ. ಬೇಟೆ, ಬಲೆ, ನಾಯಿ ಎಲ್ಲವೂ ಇವೆ. ಆದರೆ ಮೂಲ ಕಂದಾಯ ಕಡತದಲ್ಲಿದೆ. ಕುರುಚಲು, ಕಲ್ಲುಹಾಸು, ಮೊಣಕಾಲೆತ್ತರದ ಹುಲ್ಲು ಇರುವ ನೆಲಕ್ಕೆ ಪಹಣಿಯಲ್ಲಿ ಇರುವ ಹೆಸರುಗಳು ಗೋಮಾಳ, ಕಾವಲು, ಬೀಳು, ಖರಾಬು. ಕಂದಾಯ ತರದ ಜಮೀನು ‘ಪಾಳು’ ಎನ್ನುವುದು ಬ್ರಿಟಿಷರ ಕಾಲದ ಲೆಕ್ಕ. ಸ್ವಾತಂತ್ರ್ಯಾನಂತರವೂ ಅದೇ ಮುಂದುವರಿಯಿತು. ಭೂಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ 30 ಎಕರೆ ಗೋಮಾಳ ಮೀಸಲಿಡಬೇಕು. ದನದ ಲೆಕ್ಕ ಕಡಿಮೆಯಾದಂತೆ ‘ಹೆಚ್ಚುವರಿ ಗೋಮಾಳ’ ಹುಟ್ಟುತ್ತದೆ. ಅದು ಬಗರ್‌ಹುಕುಂ ಅರ್ಜಿಗೋ ಆಶ್ರಯ ನಿವೇಶನಕ್ಕೋ ಕಲ್ಲು ಗಣಿಗೋ ಹೋಗುತ್ತದೆ. ದನ ಎಣಿಸುವ ನಿಯಮವಿದೆ, ಗೌಜಲಕ್ಕಿ ಎಣಿಸುವ ನಿಯಮವಿಲ್ಲ. ಬಡ ರೈತನಿಗೆ ಸಿಕ್ಕ ಎರಡು ಎಕರೆಯ ಬಗ್ಗೆ ತಕರಾರು ಎತ್ತುವುದು ಈ ಲೇಖನದ ಉದ್ದೇಶವಲ್ಲ. ದೊಡ್ಡ ಹಂಚಿಕೆಗಳೂ ಇದೇ ಬಾಗಿಲಿನಿಂದಲೇ ಹೋದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಇಂದು ಹೆಲಿಕಾಪ್ಟರ್ ಕಾರ್ಖಾನೆ ಇದೆ.

ಕಾರ್ಖಾನೆಗಿಂತ ಬಹಳ ಮೊದಲೇ ಬಂದದ್ದು ನೀಲಗಿರಿ. ಟಿಪ್ಪು ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದಲ್ಲಿ ನೆಟ್ಟ ಮರಗಳ ಸಂತತಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಹರಡಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರದಲ್ಲಿ ಗೋಮಾಳವಷ್ಟೇ ಅಲ್ಲ, ರಾಗಿ ಹೊಲಗಳೂ ನೀಲಗಿರಿ ತೋಪಾದವು. ಆಳಿನ ಖರ್ಚಿಲ್ಲ, ದನ ತಿನ್ನುವುದಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ ಮತ್ತು ಮಾವಿನ ಬೀಜ ಬಿತ್ತಿದರು. ಅಂತರ್ಜಲದ ದೃಷ್ಟಿಯಿಂದ ಆ ಹೋರಾಟ ನ್ಯಾಯವಾದದ್ದೇ. ಆದರೆ ಗಮನಿಸಿ: ಇಲಾಖೆ ನೆಟ್ಟದ್ದೂ ಮರ, ರೈತರು ಬಿತ್ತಿದ್ದೂ ಮರ. ಆ ನೆಲ ಬಯಲಾಗಿಯೇ ಇರಲಿ ಎಂದು ಕೇಳಿದವರು ಇಬ್ಬರ ಕಡೆಯೂ ಇರಲಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿದ ಮೇಲೆ ಗೋಮಾಳದಲ್ಲಿ ಹೊಂಗೆ, ಬೇವು, ನೇರಳೆಯ ಗುಂಡಿಗಳು ಬಂದವು. ಜಾತಿ ಬದಲಾಯಿತು, ಗುಂಡಿ ಬದಲಾಗಲಿಲ್ಲ.

ಮರ ಬಂದರೆ ಹಕ್ಕಿಗೆ ಏನು ಕಷ್ಟ ಎನ್ನುವ ಪ್ರಶ್ನೆಗೆ ಉತ್ತರ ಗೂಡಿನಲ್ಲಿದೆ.

ಹಳದಿ ಟಿಟ್ಟಿಭದ ಗೂಡೆಂದರೆ ಕಾಲಲ್ಲಿ ಕೆದರಿ ಎದೆಯಿಂದ ಒತ್ತಿದ ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ನೊರಜುಗಲ್ಲು, ಮೇಕೆ ಹಿಕ್ಕೆ. ಒಳಗೆ ನಾಲ್ಕು ಮೊಟ್ಟೆ, ಚೂಪು ತುದಿ ನಡುವಿಗೆ. ನತ್ತಿಂಗ (ನೈಟ್‌ಜಾರ್) ಅಷ್ಟನ್ನೂ ಮಾಡುವುದಿಲ್ಲ. ಬರಿ ನೆಲದಲ್ಲಿ ಎರಡು ಮೊಟ್ಟೆ ಇಟ್ಟು ಅದರ ಮೇಲೆ ಕೂರುತ್ತದೆ. ಗೌಜಲಕ್ಕಿ ಪೊದೆಯ ಬುಡದಲ್ಲಿ ಆರೇಳು ಇಡುತ್ತದೆ. ಇವಕ್ಕೆ ಇರುವ ರಕ್ಷಣೆ ಎರಡೇ: ಮೊಟ್ಟೆಯ ಬಣ್ಣ ನೆಲದ ಬಣ್ಣಕ್ಕೆ ಹೊಂದುವುದು, ಬರುವ ಶತ್ರು ದೂರದಿಂದಲೇ ಕಾಣುವುದು. ಬಯಲಿನ ನಡುವೆ ಸಾಲು ಮರ ಬಂದರೆ ಕಾಗೆಗೂ ಗಿಡುಗಕ್ಕೂ ಕೂತು ನೋಡಲು ಜಾಗ ಸಿಗುತ್ತದೆ, ಟಿಟ್ಟಿಭಕ್ಕೆ ದೂರದ ನೋಟ ತಪ್ಪುತ್ತದೆ. ನೀಲಗಿರಿಯ ತರಗಿನಡಿ ಹುಲ್ಲೂ ಬೆಳೆಯದು, ಹುಳವೂ ಸಿಗದು.

ಹೆಚ್ಚಿನವು ಮೊಟ್ಟೆ ಇಡುವುದು ಮಾರ್ಚಿನಿಂದ ಜುಲೈವರೆಗೆ. ಏಪ್ರಿಲ್ ಮಧ್ಯಾಹ್ನ ಪಾವಗಡದ ಬರಿ ನೆಲ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೊಟ್ಟೆಯೊಳಗಿನ ಭ್ರೂಣ ನಲವತ್ತರ ಆಚೆ ಹೆಚ್ಚು ಹೊತ್ತು ತಾಳುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಹಕ್ಕಿ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಟಿಟ್ಟಿಭಗಳು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಹಕ್ಕಿಯನ್ನು ಎಬ್ಬಿಸಿ ಗೂಡಿನ ಪಕ್ಕ ಫೋಟೋ ತೆಗೆಯುತ್ತ ನಿಂತವರು, ತಮಗೇ ಗೊತ್ತಿಲ್ಲದೆ, ಮೊಟ್ಟೆ ಬೇಯಿಸುತ್ತಿರುತ್ತಾರೆ.

ಆದ್ದರಿಂದ ಸಂಶೋಧಕರು ಗೂಡು ಹುಡುಕುವುದು ಬೆಳಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ. ವಿಧಾನ ಹಕ್ಕಿಯನ್ನು ನೋಡಿಕೊಂಡು ಬದಲಾಗುತ್ತದೆ. ನೆಲಗುಬ್ಬಿ, ಬುರ್ಲಿ, ನತ್ತಿಂಗಗಳು ಕಾಲಡಿಗೆ ಬರುವವರೆಗೂ ಏಳುವುದಿಲ್ಲ. ಇವಕ್ಕೆ 25–30 ಮೀಟರ್ ಹಗ್ಗದ ಎರಡು ತುದಿ ಇಬ್ಬರು ಹಿಡಿದು ಹುಲ್ಲಿನ ಮೇಲೆ ನಿಧಾನಕ್ಕೆ ಎಳೆಯುತ್ತಾರೆ, ಮೂರನೆಯವರು ಹಿಂದೆ ನಡೆದು ಹಕ್ಕಿ ಎದ್ದ ಜಾಗವನ್ನು ಕಣ್ಣು ತೆಗೆಯದೆ ಹಿಡಿದಿಟ್ಟುಕೊಳ್ಳುತ್ತಾರೆ. ಟಿಟ್ಟಿಭಕ್ಕೆ ಹಗ್ಗ ದಂಡ. ಅದು ಮನುಷ್ಯರನ್ನು ದೂರದಲ್ಲೇ ಕಂಡು, ಸದ್ದಿಲ್ಲದೆ ಎದ್ದು ನಡೆದು, ಬೇರೆಲ್ಲೋ ನಿಂತು ಕೂಗಾಡುತ್ತದೆ. ಕೂಗುವ ಜಾಗದಲ್ಲಿ ಹುಡುಕಿದವರಿಗೆ ಏನೂ ಸಿಗದು. ನೂರು ನೂರೈವತ್ತು ಮೀಟರ್ ಆಚೆ ಜೀಪಿನಲ್ಲಿ ಕೂತು, ಅದು ತಾನಾಗಿ ಮರಳಿ ಹೋಗಿ ಕೂರುವುದನ್ನು ದೂರದರ್ಶಕದಲ್ಲಿ ನೋಡುವುದೊಂದೇ ದಾರಿ.

ಸಿಕ್ಕ ಗೂಡಿನ ಪಕ್ಕ ಕೋಲು, ಬಾವುಟ ನೆಡಬಾರದು. ಕಾಗೆ ಅದನ್ನು ಬೇಗ ಕಲಿಯುತ್ತದೆ. ಜಿಪಿಎಸ್ ಅಂಕಿ ಬರೆದುಕೊಂಡು, ಎಲ್ಲ ಗೂಡಿಗೂ ಒಂದೇ ದಿಕ್ಕಿನಲ್ಲಿ ಹತ್ತು ಹದಿನೈದು ಮೀಟರ್ ದೂರ ಮೂರು ಕಲ್ಲು ಇಟ್ಟರೆ ಸಾಕು. ಗೂಡಿನವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸಾದರೆ ವಾಸನೆಯ ಜಾಡು ಗೂಡಿನಲ್ಲೇ ಮುಗಿಯುತ್ತದೆ, ಮುಂಗುಸಿಗೂ ನಾಯಿಗೂ ಅದೇ ಬೇಕಾದದ್ದು. ನಿಲ್ಲದೆ ದಾಟಿ ಮುಂದೆ ಹೋಗಬೇಕು. ಮೊಟ್ಟೆಯ ವಯಸ್ಸು ತಿಳಿಯಲು ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು ನೋಡುವುದುಂಟು: ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ಕೆಲವು ದಿನದ್ದು ತಳದಲ್ಲೇ ನೆಟ್ಟಗೆ ನಿಲ್ಲುತ್ತದೆ, ಒಡೆಯಲು ಹತ್ತಿರವಾದದ್ದು ತೇಲುತ್ತದೆ. ಇದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇರಲೇಬೇಕು. 1972ರ ವನ್ಯಜೀವಿ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡನ್ನು ಕದಲಿಸುವುದೂ ‘ಬೇಟೆ’ಯೇ.

ಇನ್ನು ಲೆಕ್ಕ. ಇಪ್ಪತ್ತು ಗೂಡು ಸಿಕ್ಕವು, ಒಂಬತ್ತು ಹಾಳಾದವು ಎಂದುಕೊಳ್ಳಿ. ಶೇಕಡ 55 ಗೆದ್ದವು ಎಂದು ವರದಿ ಬರೆಯುವುದು ಸುಲಭ, ಆದರೆ ತಪ್ಪು. ಇಟ್ಟ ಎರಡನೇ ದಿನಕ್ಕೇ ನಾಯಿ ತಿಂದ ಗೂಡು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಎಣಿಕೆಗೆ ಬರುವುದು ಬಹುಪಾಲು ಉಳಿದುಕೊಂಡವೇ. ಅಮೆರಿಕದ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಇದಕ್ಕೊಂದು ಉಪಾಯ ಕೊಟ್ಟರು: ಗೂಡು ಎಣಿಸಬೇಡಿ, ಗೂಡುಗಳನ್ನು ಗಮನಿಸಿದ ದಿನಗಳನ್ನು ಎಣಿಸಿ. ಮೇಲಿನ ಇಪ್ಪತ್ತು ಗೂಡನ್ನು ಒಟ್ಟು 240 ಗೂಡು-ದಿನ ಗಮನಿಸಿದ್ದರೆ, ದಿನಕ್ಕೆ ನಷ್ಟ 9/240, ಅಂದರೆ 0.0375. ಒಂದು ದಿನ ಉಳಿಯುವ ಸಂಭವ 0.9625. ಟಿಟ್ಟಿಭದ ಕಾವಿನ ಅವಧಿಯನ್ನು 30 ದಿನ ಎಂದು ಹಿಡಿದು ಇದನ್ನು ಮೂವತ್ತು ಸಲ ಗುಣಿಸಿದರೆ ಉಳಿಯುವುದು ಶೇಕಡ 32 ಮಾತ್ರ. ನೆಲಗುಬ್ಬಿಯ ಮೊಟ್ಟೆ ಹದಿಮೂರು ಹದಿನಾಲ್ಕು ದಿನಕ್ಕೇ ಒಡೆಯುವುದರಿಂದ, ಇದೇ ನಷ್ಟದ ದರದಲ್ಲೂ ಮೊಟ್ಟೆಯ ಹಂತವನ್ನು ಅರ್ಧಕ್ಕಿಂತ ಹೆಚ್ಚು ದಾಟುತ್ತವೆ. ಒಂದೇ ಬಯಲಿನಲ್ಲಿ ಒಂದು ಜಾತಿ ಕುಸಿದು ಇನ್ನೊಂದು ತಡೆದುಕೊಳ್ಳುವುದಕ್ಕೆ ಇದೊಂದು ಕಾರಣ.

ಗೂಡು ಏನಾಯಿತು ಎಂಬುದನ್ನೂ ಓದಬೇಕು. ತಗ್ಗಿನ ತಳದಲ್ಲಿ ಒಂದೆರಡು ಮಿಲಿಮೀಟರಿನ ಚಿಪ್ಪಿನ ಚೂರು ಸಿಕ್ಕರೆ ಮರಿ ಒಡೆದಿದೆ. ದೊಡ್ಡ ಚಿಪ್ಪುಗಳನ್ನು ತಾಯ್ತಂದೆ ಒಯ್ದು ದೂರ ಹಾಕಿರುತ್ತವೆ. ಲೋಳೆ ಹತ್ತಿದ ದೊಡ್ಡ ಚಿಪ್ಪಿದ್ದರೆ ಯಾವುದೋ ಪ್ರಾಣಿ ಅಲ್ಲೇ ತಿಂದಿದೆ. ಚೂರೂ ಇಲ್ಲದೆ ಖಾಲಿಯಾಗಿದ್ದರೆ ಹಾವು, ಉಡ ಅಥವಾ ಮನುಷ್ಯ. ಚಪ್ಪಟೆಯಾಗಿದ್ದರೆ ಗೊರಸಿನ ಗುರುತು ಹುಡುಕಬೇಕು. ಕುರಿ ತುಳಿದು ಹಾಳಾಯಿತು ಎಂಬ ದೂರು ಸುಲಭವಾಗಿ ಬರುತ್ತದೆ, ಗುರುತಿಲ್ಲದೆ ಅದನ್ನು ಬರೆದುಕೊಳ್ಳುವುದು ಕುರಿಗಾಹಿಗೆ ಮಾಡುವ ಅನ್ಯಾಯ.

ಏಕೆಂದರೆ ಮೇವು ಈ ಹಕ್ಕಿಗಳ ಶತ್ರು ಮಾತ್ರವಲ್ಲ. ಕಡಪದ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯದಲ್ಲಿ ವನ್ಯಜೀವಿ ವಿಜ್ಞಾನಿ ಪಿ. ಜೆಗನಾಥನ್ ಮತ್ತು ಸಂಗಡಿಗರು ಜೆರ್ಡಾನ್ಸ್ ಕೋರ್ಸರನ್ನು ಹುಡುಕಿದ್ದು ಕಣ್ಣಿನಿಂದಲ್ಲ, ಹೆಜ್ಜೆಯಿಂದ. ಪೊದೆಗಳ ನಡುವೆ ನುಣುಪು ಮಣ್ಣಿನ ಪಟ್ಟಿ ಹಾಸಿ, ರಾತ್ರಿ ಕಳೆದ ಮೇಲೆ ಅದರ ಮೇಲೆ ಮೂಡಿದ ಮೂರು ಬೆರಳಿನ ಗುರುತು ಅಳೆದರು. ಜೊತೆಗೆ ಕ್ಯಾಮೆರಾ ಬಲೆ, ಅಂದರೆ ಹಕ್ಕಿ ಹಾದುಹೋದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ. ಕಂಡದ್ದು ಇಷ್ಟು: ಎರಡು ಮೀಟರಿಗಿಂತ ಎತ್ತರದ ಪೊದೆ ಹೆಕ್ಟೇರಿಗೆ 300ರಿಂದ 700 ಇದ್ದಲ್ಲಿ, ಗಿಡ್ಡ ಪೊದೆ ಸಾವಿರಕ್ಕಿಂತ ಕಡಿಮೆ ಇದ್ದಲ್ಲಿ ಹಕ್ಕಿ ಸಿಗುವ ಸಂಭವ ಹೆಚ್ಚು. ನಮ್ಮ ಲೆಕ್ಕಕ್ಕೆ ಎಕರೆಗೆ 120ರಿಂದ 280 ದೊಡ್ಡ ಪೊದೆ. ಪೂರ್ತಿ ಕಡಿದರೂ ಹೋಗುತ್ತದೆ, ಬೇಲಿ ಹಾಕಿ ಮೇವು ನಿಲ್ಲಿಸಿ ದಟ್ಟವಾಗಲು ಬಿಟ್ಟರೂ ಹೋಗುತ್ತದೆ. 2005ರಲ್ಲಿ ಅಲ್ಲಿ ತೆಲುಗು ಗಂಗಾ ಕಾಲುವೆಯ ಅಗೆತ ನಿಂತದ್ದು, ಈ ಬಗೆಯ ಅಂಕಿ ಕೈಯಲ್ಲಿದ್ದುದರಿಂದಲೇ ಬಲ ಪಡೆಯಿತು.

ನಮ್ಮಲ್ಲಿ ಇಂಥ ಲೆಕ್ಕಕ್ಕೆ ಅತ್ಯಂತ ತಕ್ಕ ಜಾಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಕೃಷ್ಣಮೃಗಕ್ಕಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಆದ 798 ಎಕರೆ ಹುಲ್ಲುಗಾವಲು ಅದು. ಒಳಗೆ ಅಲ್ಲಲ್ಲಿ ನೀಲಗಿರಿಯೂ ಇದೆ. ಕೃಷ್ಣಮೃಗಕ್ಕೆ ಹಿಡಿಸಿದ್ದೆಲ್ಲ ಹಕ್ಕಿಗೂ ಹಿಡಿಸಬೇಕೆಂದಿಲ್ಲ. ಟಿಟ್ಟಿಭ, ಇಂಡಿಯನ್ ಕೋರ್ಸರ್‌ಗಳಿಗೆ ಮೇದು ಗಿಡ್ಡವಾದ ನೆಲ ಬೇಕು. ಬುರ್ಲಿ, ಗೌಜಲಕ್ಕಿಗೆ ಮರೆಯಾಗುವಷ್ಟು ಕರಡ ಬೇಕು. ಎರಡೂ ಪಕ್ಕಪಕ್ಕ ಇರಬೇಕಾದರೆ ಬಯಲನ್ನು ತುಂಡು ಮಾಡಿಕೊಂಡು, ಒಂದನ್ನು ಈ ವರ್ಷ ಮೇಯಿಸಿ ಮತ್ತೊಂದನ್ನು ಬಿಡಬೇಕು. ಬೆಂಕಿ ಹರಡದಂತೆ ಹುಲ್ಲು ತೆಗೆದು ಮಾಡುವ ಬೆಂಕಿರೇಖೆಯ ಕೆಲಸ ಜನವರಿಯೊಳಗೆ ಮುಗಿಯಬೇಕು. ಮಾರ್ಚಿನ ನಂತರ ಬಿದ್ದ ಬೆಂಕಿ ಹುಲ್ಲನ್ನಷ್ಟೇ ಸುಡುವುದಿಲ್ಲ.

ನೀಲಗಿರಿ ತೆಗೆಯುವುದು ಕಡಿದಷ್ಟಕ್ಕೆ ಮುಗಿಯದು. ಬುಡ ಕೀಳದಿದ್ದರೆ ಮುಂದಿನ ಮಳೆಗೆ ಒಂದು ಕಾಂಡದ ಜಾಗದಲ್ಲಿ ನಾಲ್ಕು. ಜೆಸಿಬಿಯಲ್ಲಿ ಬುಡ ಎತ್ತಿದರೆ ಗುಂಡಿ ಮುಚ್ಚಿ ಸಮ ಮಾಡಬೇಕು, ಆದರೆ ಇಡೀ ಜಮೀನು ಉಳಬಾರದು. ಉತ್ತ ನೆಲಕ್ಕೆ ಮೊದಲು ಬರುವುದು ಪಾರ್ಥೇನಿಯಂ. ಪೊರಕೆ ಕಟ್ಟುವ ಹಂಚಿಹುಲ್ಲನ್ನು ಬೀಜ ಬಲಿತಾಗ, ನವೆಂಬರ್ ಡಿಸೆಂಬರಿನಲ್ಲಿ, ತೆನೆ ಸಮೇತ ಕೊಯ್ದು ಒಣಗಿಸಿಟ್ಟು, ಜೂನ್ ಮಳೆಗೆ ಮುಂಚೆ ತೆಳ್ಳಗೆ ಹರಡುವುದು ಅಗ್ಗದ ದಾರಿ. ಮೊದಲ ಎರಡು ಮಳೆಗಾಲ ಪಾರ್ಥೇನಿಯಂ, ಲಂಟಾನ, ಬಳ್ಳಾರಿ ಜಾಲಿಯನ್ನು ಹೂಬಿಡುವ ಮೊದಲೇ ಕಿತ್ತರೆ ಮಾತ್ರ ಹುಲ್ಲು ನಿಲ್ಲುತ್ತದೆ. ಹಣ ಮುಗಿಯುವುದು ಸಾಮಾನ್ಯವಾಗಿ ಮೊದಲ ಮಳೆಗಾಲಕ್ಕೇ. ಇಂಗುಗುಂಡಿ ತೋಡುವುದಿದ್ದರೆ ಒಂದು ಬದಿಯನ್ನಾದರೂ ಇಳಿಜಾರು ಮಾಡಬೇಕು. ಎರಡಡಿ ಆಳದ ನೇರ ಗೋಡೆಯ ಟ್ರೆಂಚಿಗೆ ಬಿದ್ದ ಮರಿ ಹತ್ತಿ ಬರಲಾರದು.

ಹೊಸ ಬದಲಾವಣೆಗಳಲ್ಲಿ ಪಾವಗಡದ ಸೌರ ಪಾರ್ಕಿನ ಹೆಸರು ಎಲ್ಲರೂ ಎತ್ತುತ್ತಾರೆ. ತಿರುಮಣಿ ಸುತ್ತಲ ಐದು ಊರಿನ 13,000 ಎಕರೆ, 2,050 ಮೆಗಾವಾಟ್, ಎಕರೆಗೆ ವರ್ಷಕ್ಕೆ ₹21,000ದಿಂದ ಶುರುವಾದ ಗುತ್ತಿಗೆ. ಮಳೆ ನಂಬಿ ಕಡಲೆಕಾಯಿ ಹಾಕುತ್ತಿದ್ದ ರೈತ ಅದನ್ನು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಆದರೆ ಬೀಳು ಬಿಟ್ಟ ಹೊಲಗಳೇ ಟಿಟ್ಟಿಭ, ನೆಲಗುಬ್ಬಿಗಳ ಜಾಗ. ‘ಬೆಳೆ ಇಲ್ಲದ ಜಮೀನು’ ಎಂಬ ಕಾರಣಕ್ಕೆ ಆಯ್ಕೆಯಾದದ್ದೂ ಅವೇ.

ಅಷ್ಟು ಸುದ್ದಿಯಾಗದ ಸಂಗತಿ ಕೆರೆಗಳದ್ದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕೆರೆಯಂಗಳ ಟಿಟ್ಟಿಭ, ಸಣ್ಣ ಗೊರವಗಳಿಗೆ ಹೆರಿಗೆಮನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಬೋರ್‌ವೆಲ್‌ಗಳಿಗೆ ಜೀವ ಬಂದ ನೀರು ಅದು. ಆದರೆ ಈ ನೀರಿಗೆ ಮುಂಗಾರಿನ ಗೊಡವೆ ಇಲ್ಲ, ಏಪ್ರಿಲ್‌ನಲ್ಲೂ ಮಟ್ಟ ಏರಬಹುದು. ಒಂದು ಗೇಣು ಏರಿದರೆ ಅಂಚಿನ ಗೂಡು ಮುಳುಗುತ್ತದೆ. ನೀರು ಬಿಡುವವರು ಮಾರ್ಚಿನೊಳಗೆ ತುಂಬಿಸಿ ಜೂನ್‌ವರೆಗೆ ಮಟ್ಟ ಏರಿಸದಿದ್ದರೆ ಸಾಕು. ಹೂಳೆತ್ತುವ ಕೆಲಸ ಬೇಸಿಗೆಯಲ್ಲೇ ಆಗಬೇಕು, ಬೇರೆ ದಾರಿಯಿಲ್ಲ. ಯಂತ್ರ ಇಳಿಯುವ ಹಿಂದಿನ ಬೆಳಗ್ಗೆ ಅಂಗಳ ನಡೆದು, ಗೂಡಿದ್ದಲ್ಲಿ ಸುತ್ತ ಇಪ್ಪತ್ತು ಮೀಟರ್ ಬಿಟ್ಟು ಉಳಿದದ್ದನ್ನು ಮೊದಲು ಎತ್ತಬಹುದು.

ಹೊಲದಲ್ಲಿಯೂ ಅಷ್ಟೇ. ಮೇ ತಿಂಗಳಲ್ಲಿ ಕುಂಟೆ ಹೊಡೆಯುವಾಗ ಟಿಟ್ಟಿಭ ತಲೆಯ ಮೇಲೆ ಸುತ್ತಿ ಕಿರುಚಿದರೆ ಮೊಟ್ಟೆ ಹತ್ತಿರವಿದೆ. ಎರಡು ಮೂರು ಮೀಟರ್ ಅಗಲದ ಗುಪ್ಪೆ ಬಿಟ್ಟು ಮುಂದೆ ಹೋದರೆ ಹಕ್ಕಿ ಮರಳಿ ಬಂದು ಕೂರುತ್ತದೆ. ಮೊಟ್ಟೆಯನ್ನು ಎತ್ತಿ ಬದುವಿಗೆ ಇಡಬಾರದು, ಅಲ್ಲಿಗೆ ಅದು ಹುಡುಕಿಕೊಂಡು ಬರುವುದಿಲ್ಲ. ಮರಿಗಳು ಒಡೆದ ದಿನವೋ ಮಾರನೆಯ ದಿನವೋ ತಾಯಿಯ ಹಿಂದೆ ನಡೆದು ಹೊರಡುತ್ತವೆ. ಬಿಟ್ಟ ಗುಪ್ಪೆಯನ್ನು ಆಮೇಲೆ ಹರಗಿಕೊಳ್ಳಬಹುದು.