ಪದವಿನ ಹಸುರು ಮತ್ತು ಬೇಸಗೆಯ ಎಲೆ: ಒಂದು ಹಿನ್ನೆಲೆ

ಕಾಸರಗೋಡಿನ ಮುರಕಲ್ಲಿನ ಪದವುಗಳಲ್ಲಿ, ಅಂದರೆ ಗುಡ್ಡೆಯ ಮೇಲಿನ ಕಲ್ಲುನೆಲದ ಬಯಲುಗಳಲ್ಲಿ, ಯಾವ ಮರ ಇರಬೇಕು ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಬಹಳ ಗೋಜಲಾಗಿದೆ. ಅಕೇಶಿಯಾ ನೆಟ್ಟ ಮೇಲೆ ಬಾವಿಗಳು ಬತ್ತಿದವು ಎನ್ನುವವರಿದ್ದಾರೆ. ಬೋಳು ಗುಡ್ಡೆಗೆ ಹಸುರು ಬಂದದ್ದೇ ಅಕೇಶಿಯಾದಿಂದ ಎನ್ನುವವರೂ ಇದ್ದಾರೆ. ಗೇರು, ರಬ್ಬರ್, ಬಿದಿರು ಒಂದೊಂದಕ್ಕೂ ಪರ ವಿರೋಧದ ವಾದಗಳಿವೆ. ಇಷ್ಟೆಲ್ಲ ಮಾತಿನ ನಡುವೆ, ಬೇಸಗೆಯನ್ನು ನಿಜವಾಗಿ ಎದುರಿಸುವ ಅಂಗವಾದ ಎಲೆಯ ವಿಚಾರ ಬರುವುದು ಅಪರೂಪ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ಮೇ ತಿಂಗಳ ತನಕ, ಅಲ್ಲೊಂದು ಇಲ್ಲೊಂದು ಮಳೆ ಬಿಟ್ಟರೆ, ಒಣ ಹವೆಯೇ. ಪದವಿನ ಮೇಲೆ ಮಣ್ಣಿನ ಪದರ ಎಷ್ಟೋ ಕಡೆ ಒಂದು ಗೇಣೂ ಇರುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವ ಪಾದೆಯೇ ಮಾರ್ಚ್ ಹೊತ್ತಿಗೆ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಇಲ್ಲಿನ ಮರ ಒಂದೇ ವರ್ಷದಲ್ಲಿ ಎರಡು ಹವಾಮಾನಗಳನ್ನು ಬಾಳಬೇಕು.

ಎಲೆಗೆ ಎದುರಾಗುವ ಕಷ್ಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇರು ಹೀರಿದ ನೀರಿನಲ್ಲಿ ಮರ ತನ್ನ ಬೆಳವಣಿಗೆಗೆ ಇಟ್ಟುಕೊಳ್ಳುವುದು ಬಹಳ ಸಣ್ಣ ಪಾಲು. ಉಳಿದದ್ದು ಪತ್ರರಂಧ್ರಗಳೆಂಬ ಎಲೆಯ ಅತಿಸಣ್ಣ ತೂತುಗಳ ಮೂಲಕ ಆವಿಯಾಗಿ ಹೋಗುತ್ತದೆ. ಇದನ್ನು ನಷ್ಟವೆಂದು ಮಾತ್ರ ತಿಳಿಯುವಂತಿಲ್ಲ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕ್ರಮದಲ್ಲೇ ಎಲೆಯೂ ತಣ್ಣಗಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಎಲೆಯಿಂದ ಒಯ್ಯುತ್ತದೆ. ಸೆಕೆ ಹೆಚ್ಚಿದಾಗ ರಂಧ್ರಗಳು ತೆರೆದಿರಬೇಕು, ನೀರು ಕಡಿಮೆಯಾದಾಗ ಅವು ಮುಚ್ಚಬೇಕು. ಬಿಸಿಲೂ ಬರವೂ ಒಟ್ಟಿಗೆ ಬಂದಾಗ ಎರಡೂ ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ರಂಧ್ರ ಮುಚ್ಚಿದ ಎಲೆ ನೀರನ್ನು ಉಳಿಸುತ್ತದೆ, ಆದರೆ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಇಂಗಾಲದ ಡೈ ಆಕ್ಸೈಡ್ ಒಳಬರುವ ದಾರಿಯೂ ಮುಚ್ಚುವುದರಿಂದ ಆಹಾರ ತಯಾರಿಯೂ ನಿಲ್ಲುತ್ತದೆ.

ಈ ತಿಳಿವಳಿಕೆ ಬೆಳೆದು ಬರಲು ಎರಡೂವರೆ ಶತಮಾನ ಬೇಕಾಯಿತು: ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1727ರಲ್ಲಿ ಗಿಡದಿಂದ ಆವಿಯಾಗುವ ನೀರಿನ ಅಳತೆಗಳನ್ನು ಪ್ರಕಟಿಸಿದರು, ಸಸ್ಯವಿಜ್ಞಾನಿ ಫ್ರಾನ್ಸಿಸ್ ಡಾರ್ವಿನ್ 1898ರಲ್ಲಿ ರಂಧ್ರಗಳ ಚಲನೆಯನ್ನು ವಿವರಿಸಿದರು, ಬಾಡುವ ಎಲೆಯಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ ಮತ್ತು ಅದು ರಂಧ್ರಗಳನ್ನು ಮುಚ್ಚಿಸುತ್ತದೆ ಎಂಬುದು 1960ರ ದಶಕದ ಕೊನೆಗೆ ಸ್ಪಷ್ಟವಾಯಿತು.

ಎಲೆಯ ಅಧ್ಯಯನದಲ್ಲಿ ಕಾಸರಗೋಡಿಗೂ ಪಾಲಿದೆ. 1916ರಲ್ಲಿ ಇಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಬರ ತಾಳುವ ತೆಂಗನ್ನು ಗುರುತಿಸಲು ಅಲ್ಲಿನ ವಿಜ್ಞಾನಿಗಳು ಗಮನಿಸಿದ ಗುಣಗಳಲ್ಲಿ ಗರಿಯ ಮೇಲಿನ ಮೇಣದ ಪ್ರಮಾಣವೂ, ರಂಧ್ರಗಳು ಬೇಗ ಮುಚ್ಚುವ ಸಾಮರ್ಥ್ಯವೂ ಸೇರಿವೆ. ತೆಂಗಿನಲ್ಲಿ ಹೂಗೊಂಚಲು ಮೊಳೆಯುವಲ್ಲಿಂದ ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಬೇಕು; ಹಾಗಾಗಿ ಒಂದು ಬೇಸಗೆಯಲ್ಲಿ ಗರಿ ಪಟ್ಟ ಪಾಡು ಮೂರು ನಾಲ್ಕು ವರ್ಷಗಳ ಫಸಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತೋಟದ ಮರದ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿದ ಪ್ರಶ್ನೆಯನ್ನು ಪದವಿನ ಮರದ ಬಗ್ಗೆಯೂ ಕೇಳಿದ್ದರೆ ಈಗಿನ ಚರ್ಚೆಯ ರೂಪವೇ ಬೇರೆಯಾಗುತ್ತಿತ್ತು.

ಗುಡ್ಡೆಯಲ್ಲಿ ಮೊದಲಿನಿಂದ ಇದ್ದ ಮರಗಳು ಈ ಕಷ್ಟಕ್ಕೆ ಬೇರೆ ಬೇರೆ ದಾರಿಗಳನ್ನು ಕಂಡುಕೊಂಡಿದ್ದವು. ಮತ್ತಿ, ಹೊನ್ನೆಗಳು ಎಲೆಯನ್ನೇ ಉದುರಿಸಿ ಬೇಸಗೆ ಕಳೆಯುತ್ತವೆ. ಉದುರಿಸುವ ಮೊದಲು ಸಾರಜನಕ, ರಂಜಕಗಳಲ್ಲಿ ಸಾಕಷ್ಟು ಭಾಗವನ್ನು ಎಲೆಯಿಂದ ಕೊಂಬೆಗೆ ಹಿಂದೆಗೆದುಕೊಳ್ಳುತ್ತವೆ, ಬಳಿಕ ತೊಟ್ಟಿನ ಬುಡದ ಕೋಶಗಳ ಪದರ ಸಡಿಲಗೊಂಡು ಎಲೆ ಕಳಚುತ್ತದೆ. ಕುಂಟಲ, ಕೇಪುಳದಂಥವು ಎಲೆ ಬಿಡುವುದಿಲ್ಲ. ಅವುಗಳದ್ದು ಮೇಣ ಬಳಿದ ಗಡುಸು ಹೊದಿಕೆಯ ದಪ್ಪ ಎಲೆ. ಮಾವು, ಗೇರುಗಳ ಚಿಗುರು ಕೆಂಪಾಗಿ ಜೋತು ಬಿದ್ದಿರುತ್ತದೆ. ಆ ಕೆಂಪು ಬಣ್ಣ ಎಳೆ ಎಲೆಗೆ ಬಿಸಿಲಿನಿಂದ ರಕ್ಷಣೆ ಕೊಡುತ್ತದೆಂದು ಹಲವು ವಿಜ್ಞಾನಿಗಳು ವಿವರಿಸುತ್ತಾರೆ.

ಅಡಿಕೆ ತೋಟಕ್ಕೂ ಹಟ್ಟಿಗೂ ಬೇಕಾದ ಸೊಪ್ಪು, ತರಗೆಲೆ ತಲೆಮಾರುಗಳ ಕಾಲ ಈ ಗುಡ್ಡೆಗಳಿಂದಲೇ ಬಂತು, ಕುಮ್ಕಿ ಜಾಗಗಳ, ಅಂದರೆ ಕೃಷಿಭೂಮಿಗೆ ತಾಗಿ ಸೊಪ್ಪು ಸೌದೆಗೆ ಬಿಟ್ಟ ಸರಕಾರಿ ಜಾಗಗಳ, ಮರಗಳು ಸವರಿ ಸವರಿ ಕುಳ್ಳಾದವು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಜತೆ ಈ ಕರಾವಳಿಗೆ ಬಂದಿದ್ದ ಗೇರು ಕ್ರಮೇಣ ಗುಡ್ಡೆಯ ಬೆಳೆಯಾಯಿತು, 1956ರಲ್ಲಿ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಸಾಮಾಜಿಕ ಅರಣ್ಯದ ಯೋಜನೆಗಳು ಗುಡ್ಡೆ ಹತ್ತಿದ್ದೂ 1980ರ ದಶಕದಲ್ಲೇ. ಸೌದೆಯ ಕೊರತೆ ಆಗ ನಿಜವಾದ ಸಮಸ್ಯೆಯಾಗಿತ್ತು, ಬೋಳು ಪದವುಗಳೂ ಕಣ್ಣೆದುರಿಗೇ ಇದ್ದವು. ಬೇಗ ಬೆಳೆಯುವ, ಆಡು ದನ ತಿನ್ನದ, ಮುರಕಲ್ಲಿನಲ್ಲೂ ಬದುಕುವ ಮರವೊಂದು ಬೇಕಾಗಿತ್ತು. ಉತ್ತರ ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ಕಡೆಯ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಈ ಎಲ್ಲ ಬೇಡಿಕೆಗಳಿಗೂ ಒದಗಿತು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಅದಕ್ಕೆ ಫಲವತ್ತಾದ ಮಣ್ಣೂ ಬೇಕಾಗಲಿಲ್ಲ.

ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೊಳೆತ ಅಕೇಶಿಯಾ ಸಸಿಯನ್ನು ಹತ್ತಿರದಿಂದ ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಮೊದಲು ಬರುವುದು ನಾಚಿಕೆಮುಳ್ಳಿನ ಎಲೆಯಂಥ, ಸಣ್ಣ ಸಣ್ಣ ಎಸಳುಗಳ ನಿಜವಾದ ಎಲೆ. ಆ ಮೇಲಿನ ಎಲೆಗಳಲ್ಲಿ ತೊಟ್ಟು ಸ್ವಲ್ಪ ಚಪ್ಪಟೆಯಾಗುತ್ತದೆ, ಎಸಳುಗಳು ಅದರ ತುದಿಯಲ್ಲಿ ಮಾತ್ರ ಉಳಿಯುತ್ತವೆ. ಮುಂದೆ ಎಸಳುಗಳು ಮಾಯವಾಗಿ, ಅಗಲವಾದ ತೊಟ್ಟೇ ಕತ್ತಿಯಂತೆ ಬಾಗಿದ ಗೇಣುದ್ದದ ‘ಎಲೆ’ಯಾಗುತ್ತದೆ. ಅದರಲ್ಲಿ ನರಗಳು ಉದ್ದಕ್ಕೆ ಒಂದರ ಪಕ್ಕ ಒಂದು ಓಡುತ್ತವೆ, ಎರಡೂ ಮುಖಗಳಲ್ಲಿ ರಂಧ್ರಗಳಿರುತ್ತವೆ. ಹೆಚ್ಚಾಗಿ ಅಂಚನ್ನು ಆಕಾಶಕ್ಕೆ ಮಾಡಿ ಜೋತಿರುವುದರಿಂದ ನಡುಹಗಲಿನ ಬಿಸಿಲು ಇಡೀ ಮುಖಕ್ಕೆ ಬಡಿಯುವುದಿಲ್ಲ. ಬಿಸಿಲಿಗೂ ಬರಕ್ಕೂ ಒಟ್ಟಿಗೆ ಉತ್ತರ ಕೊಡುವ ರಚನೆ ಇದು. ಒಣಗಿ ಬಿದ್ದ ಮೇಲೂ ಅದು ಬೇಗ ಕೊಳೆಯುವುದಿಲ್ಲ. ಅಕೇಶಿಯಾ ತೋಪಿನ ನೆಲದಲ್ಲಿ ತರಗು ದಪ್ಪಗೆ ಹಾಸಿಕೊಂಡಿರುತ್ತದೆ, ಬೇರೆ ಗಿಡಗಳ ಬೀಜ ಮಣ್ಣು ಮುಟ್ಟುವುದು ಕಷ್ಟವಾಗುತ್ತದೆ.

ಬಾವಿ ಬತ್ತಿದ್ದರ ಹೊಣೆಯನ್ನು ಪೂರ್ತಿಯಾಗಿ ಈ ಮರದ ಮೇಲೆ ಹೊರಿಸುವುದು ಸರಿಯಲ್ಲ. ಅದೇ ದಶಕಗಳಲ್ಲಿ ಕೊಳವೆಬಾವಿಗಳು ಹೆಚ್ಚಿದವು, ಮುರಕಲ್ಲಿನ ಕೋರೆಗಳು ಪದವುಗಳನ್ನು ಕೊರೆದವು, ಗುಡ್ಡೆಗೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ಸುರಂಗಗಳ ನೀರು ಕುಗ್ಗಿತು. ಆದರೆ ಮತ್ತಿ ಎಲೆ ಉದುರಿಸಿ ಸುಮ್ಮನಿರುವ ತಿಂಗಳುಗಳಲ್ಲಿ ಅಕೇಶಿಯಾ ಎಲೆ ಹೊತ್ತು ನಿಂತಿರುತ್ತದೆ, ಎಲೆ ಇರುವಷ್ಟು ಕಾಲ ಸ್ವಲ್ಪವಾದರೂ ನೀರು ಹೋಗುತ್ತಲೇ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ದೂರದಿಂದ ಕಾಣುವ ಹಸುರನ್ನು ಗುಡ್ಡೆಯ ಆರೋಗ್ಯದ ಲಕ್ಷಣವೆಂದು ಎಣಿಸಿದ ಅಂದಿನ ದೃಷ್ಟಿಯಲ್ಲಿ ಈ ಲೆಕ್ಕ ಇರಲಿಲ್ಲ. ಎಲೆ ಉದುರಿದ ಮರವನ್ನು ಸತ್ತ ಮರದಂತೆ ಕಂಡದ್ದರಿಂದ ನಮ್ಮ ಪದವುಗಳಿಗೆ ಆದ ನಷ್ಟ ಸಣ್ಣದಲ್ಲ.

2016ರಲ್ಲಿ ಮಳೆ ಕೈಕೊಟ್ಟು ಕೇರಳದ ಎಲ್ಲ 14 ಜಿಲ್ಲೆಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2019ರಲ್ಲಿ ಕಾಸರಗೋಡು, ಮಂಜೇಶ್ವರ ಬ್ಲಾಕುಗಳಲ್ಲಿ ಅಂತರ್ಜಲದ ಹೆಸರಿನಲ್ಲಿ ಮೂರು ಲಕ್ಷ ಬಿದಿರಿನ ಸಸಿ ನೆಡುವ ಕಾರ್ಯಕ್ರಮ ನಡೆಯಿತು. 2021ರಲ್ಲಿ ಬಂದ ರಾಜ್ಯದ ನೀತಿ, ಹೊರಗಿನ ಜಾತಿಗಳ ನೆಡುತೋಪುಗಳನ್ನು ಮತ್ತೆ ಸಹಜ ಕಾಡಾಗಿಸುವ ಮಾತನ್ನಾಡಿತು. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಉಷ್ಣವಲಯದ ಮರಗಳ ಎಲೆಯಲ್ಲಿ ಆಹಾರ ತಯಾರಿಯ ವ್ಯವಸ್ಥೆ ಸರಾಸರಿ 46.7 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುಸಿಯತೊಡಗುತ್ತದೆ ಎಂದೂ, ಕಾಡಿನ ಮೇಲ್ಛಾವಣಿಯ ಎಲೆಗಳಲ್ಲಿ ಶೇಕಡಾ 0.01ರಷ್ಟು ಈಗಾಗಲೇ ಆ ಮಿತಿ ದಾಟುತ್ತಿವೆ ಎಂದೂ ಹೇಳಿತು. ಆ ಸಂಖ್ಯೆ ಸಣ್ಣದು, ಆದರೆ ರಂಧ್ರ ಮುಚ್ಚಿದ ಎಲೆಗೂ ಆ ಮಿತಿಗೂ ನಡುವೆ ಉಳಿಯುವ ಅಂತರ ಪದವಿನ ಮಾರ್ಚ್ ಬಿಸಿಲಿನಲ್ಲಿ ಹೆಚ್ಚೇನೂ ಇರುವುದಿಲ್ಲ.

ಊರಿನ ಮರಗಳನ್ನೇ ನೆಡೋಣ ಎಂದರೆ ತೊಡಕು ಬೀಜದಲ್ಲಿದೆ. ಅಕೇಶಿಯಾ ಬೀಜದ ಸಿಪ್ಪೆ ಗಟ್ಟಿ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟು, ಬೇಕಾದಾಗ ಬಿಸಿನೀರಿಗೆ ಹಾಕಿ ಬಿತ್ತಬಹುದು. ಕಿರಾಲುಬೋಗಿ, ನೇರಳೆಗಳ ಬೀಜ ಒಣಗಿಸಿದರೆ ಸಾಯುತ್ತದೆ, ಬಿದ್ದ ಕೆಲವೇ ದಿನಗಳಲ್ಲಿ ತೊಟ್ಟೆಗೆ ಹಾಕಬೇಕು. ಅವು ಹಣ್ಣಾಗಿ ಬೀಳುವುದು ಬೇಸಗೆ ಮುಗಿಯುತ್ತಾ ಮಳೆ ಹಿಡಿಯುವ ಹೊತ್ತಿನಲ್ಲಿ. ಅಂದರೆ ಗುಡ್ಡೆಯಲ್ಲಿ ಸಸಿ ನೆಡುವ ಕೆಲಸ ನಡೆಯುವಾಗಲೇ ಯಾರಾದರೂ ಉಳಿದ ಹಳೆಯ ಮರಗಳ ಅಡಿಯಲ್ಲಿ ಬೀಜ ಹೆಕ್ಕುತ್ತಿರಬೇಕು, ಆ ಸಸಿಗಳನ್ನು ಒಂದು ಪೂರ್ತಿ ಬೇಸಗೆ ನೀರು ಕೊಟ್ಟು ಸಾಕಿ ಮರುವರ್ಷದ ಜೂನ್‌ನಲ್ಲಿ ಗುಡ್ಡೆಗೆ ಒಯ್ಯಬೇಕು.