ಗಂಡು ಹಾಡಿದರೆ ಕೊಳಕು, ಹೆಣ್ಣು ಹಾಡಿದರೆ ಸ್ವಾತಂತ್ರ್ಯವಾ?

ಪ್ರಶ್ನೆ: ರ‍್ಯಾಪ್ ಹಾಡಿನಲ್ಲಿ ಗಂಡಸರು ಹೆಣ್ಣಿನ ಮೈಯ ಬಗ್ಗೆ ಹಸಿಹಸಿಯಾಗಿ ಹಾಡಿದರೆ ತಪ್ಪು ಅನ್ನುತ್ತಾರೆ. ಅದೇ ಮಾತನ್ನು ಅಮೆರಿಕದ ಗಾಯಕಿ ಕಾರ್ಡಿ ಬಿ ಥರದ ಹೆಣ್ಣುಮಕ್ಕಳು ಹಾಡಿದರೆ ಸ್ತ್ರೀ ಸ್ವಾತಂತ್ರ್ಯ ಅನ್ನುತ್ತಾರೆ. ಪದ ಒಂದೇ ತಾನೆ? ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಲ್ವಾ?

ಉತ್ತರ: ನನಗೆ ಜಾಸ್ತಿ ಬರುವ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳುವವರಲ್ಲಿ ಹರೆಯದ ಹೆಣ್ಣುಮಕ್ಕಳ ತಾಯಂದಿರೇ ಹೆಚ್ಚು. ಅವರ ಕಸಿವಿಸಿ ನನಗೆ ಅರ್ಥವಾಗುತ್ತದೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಎರಡೂ ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ಹೆಣ್ಣು ಹಾಡಿದ ತಕ್ಷಣ ಅದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಡಲೂ ನಾನು ತಯಾರಿಲ್ಲ. ಬರೀ ಪದ ನೋಡಿ ತೀರ್ಪು ಕೊಟ್ಟರೆ ಎಡವುತ್ತೇವೆ. ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತಲೂ ನೋಡಬೇಕು.

ಹಾಗೆ ಎಡವಿದ ಒಂದು ಪ್ರಕರಣ ಅಮೆರಿಕದಲ್ಲೇ ಇದೆ. ಸಾರಾ ಜೋನ್ಸ್ ನ್ಯೂಯಾರ್ಕಿನ ಕವಿ, ರಂಗ ಕಲಾವಿದೆ. ಗಂಡಸರ ಹಿಟ್ ರ‍್ಯಾಪ್ ಹಾಡುಗಳು ಹೆಣ್ಣನ್ನು ಬರೀ ಮೈಯಾಗಿ ನೋಡುವುದರ ವಿರುದ್ಧ ಅವರು ಒಂದು ಕವಿತೆ ಬರೆದರು. ಆ ಹಾಡುಗಳ ಮಾತುಗಳನ್ನೇ ಎತ್ತಿಕೊಂಡು ತಿರುಗಿಸಿ ಹೊಡೆದರು. ನೀನು ಹೇಳುವ ಕ್ರಾಂತಿ ನನ್ನ ತೊಡೆಗಳ ನಡುವೆ ನಡೆಯುವಂಥದ್ದಲ್ಲ ಅನ್ನುವುದು ಅದರ ತಿರುಳು. ಡಿಜೆ ವಾಡಿಮ್ ಅದಕ್ಕೆ ಸಂಗೀತ ಕೂಡಿಸಿದರು. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಕೆಬಿಒಒ ಅನ್ನುವ ಸಮುದಾಯ ರೇಡಿಯೊ ಅದನ್ನು ಪ್ರಸಾರ ಮಾಡಿತು. 2001ರ ಮೇ ತಿಂಗಳಲ್ಲಿ ಪ್ರಸಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಆ ಸ್ಟೇಷನ್‌ಗೆ 7,000 ಡಾಲರ್ ದಂಡದ ನೋಟಿಸ್ ಕೊಟ್ಟಿತು. ಹಾಡು ಅಸಭ್ಯವಂತೆ. ಹೆಣ್ಣನ್ನು ಹೀಗೆ ಹಾಡಬೇಡಿ ಅಂದವಳಿಗೇ ಪೋಲಿ ಅನ್ನುವ ಹಣೆಪಟ್ಟಿ ಬಿತ್ತು! ಸಾರಾ ಜೋನ್ಸ್ ಕೋರ್ಟ್ ಮೆಟ್ಟಿಲು ಹತ್ತಿದರು. ಸಂಸ್ಥೆ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಿದ್ದು 2003ರ ಫೆಬ್ರವರಿಯಲ್ಲಿ. ಹತ್ತಿರ ಹತ್ತಿರ ಎರಡು ವರ್ಷ. ಅಷ್ಟು ದಿನ ಇನ್ಯಾವ ರೇಡಿಯೊ ಆ ಹಾಡು ಹಾಕಲು ಧೈರ್ಯ ಮಾಡುತ್ತದೆ, ಹೇಳಿ?

ಇದಕ್ಕೂ ಹಿಂದೆ, 1990ರಲ್ಲಿ, ಜಗಳ ಗಂಡಸರ ಹಾಡಿನ ಮೇಲೆ ನಡೆದಿತ್ತು. ಫ್ಲಾರಿಡಾದ 2 ಲೈವ್ ಕ್ರೂ ತಂಡದ ಆಲ್ಬಮ್ ಅಶ್ಲೀಲ ಅಂತ ಅಲ್ಲಿನ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ಕ್ಯಾಸೆಟ್ ಮಾರಿದ ಅಂಗಡಿಯವನನ್ನು ಹಿಡಿದರು. ವೇದಿಕೆಯಲ್ಲಿ ಹಾಡಿದ್ದಕ್ಕೆ ತಂಡದವರನ್ನೂ ಹಿಡಿದರು. ಹಾಡಿದ ಕೇಸಿನಲ್ಲಿ ತಂಡದವರು ಅದೇ ವರ್ಷ ಖುಲಾಸೆಯಾದರು, 1992ರಲ್ಲಿ ಮೇಲಿನ ಕೋರ್ಟು ಆಲ್ಬಮ್ ಮೇಲಿನ ತೀರ್ಪನ್ನೂ ತಳ್ಳಿಹಾಕಿತು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಕೋರ್ಟಿನ ಹೊರಗಿನ ಒಂದು ಬರಹ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ ಹೆಸರಾಂತ ಕಪ್ಪು ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ತಂಡದ ಪರವಾಗಿ ಸಾಕ್ಷಿ ಹೇಳಿದ್ದರು. ಇದು ಕಪ್ಪು ಜನರ ಬೀದಿಮಾತಿನ ಸಂಪ್ರದಾಯ, ಉತ್ಪ್ರೇಕ್ಷೆ, ತಮಾಷೆ ಅನ್ನುವುದು ಅವರ ವಾದ. ಕಿಂಬರ್ಲೆ ಕ್ರೆನ್ಶಾ, ಅವರೂ ಕಪ್ಪು ಹೆಣ್ಣು, ಕಾನೂನು ಪ್ರಾಧ್ಯಾಪಕಿ, 1991ರಲ್ಲಿ ಎರಡೂ ಕಡೆಯವರನ್ನು ತರಾಟೆಗೆ ತೆಗೆದುಕೊಂಡರು. ಕಪ್ಪು ಹುಡುಗರನ್ನೇ ಹುಡುಕಿ ಕೇಸು ಹಾಕಿದ್ದು ಜನಾಂಗ ದ್ವೇಷ. ಆ ಹಾಡುಗಳಲ್ಲಿ ಇದ್ದದ್ದು ಹೆಣ್ಣಿನ ಮೇಲಿನ ದ್ವೇಷ. ಒಂದನ್ನು ಖಂಡಿಸಲು ಇನ್ನೊಂದನ್ನು ಯಾಕೆ ಮುಚ್ಚಿಡಬೇಕು? ತಮಾಷೆ ಸರಿ, ಅದಕ್ಕೆ ಬಲಿಯಾಗುವವರು ಯಾರು? ಇಷ್ಟು ನೇರವಾಗಿ ಕೇಳಿದ ಬರಹ ಈ ವಿಷಯದಲ್ಲಿ ನಾನು ಇನ್ನೊಂದು ಓದಿಲ್ಲ. ಆ ಇಡೀ ಗಲಾಟೆಯಲ್ಲಿ ಕೋರ್ಟು, ಪೊಲೀಸು, ವಕೀಲರು, ವಿದ್ವಾಂಸರು ಎಲ್ಲರೂ ಮಾತಾಡಿದ್ದರು. ಹಾಡು ಯಾರ ಮೈಯ ಬಗ್ಗೆ ಇತ್ತೋ ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆರು ವರ್ಷ ಕಳೆದ ಮೇಲೆ ಆ ಹೆಣ್ಣುಮಕ್ಕಳೇ ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿದರು. 1996ರ ನವೆಂಬರಿನಲ್ಲಿ ರ‍್ಯಾಪ್ ಗಾಯಕಿಯರಾದ ಲಿಲ್ ಕಿಮ್ ಮತ್ತು ಫಾಕ್ಸಿ ಬ್ರೌನ್ ಅವರ ಮೊದಲ ಆಲ್ಬಮ್‌ಗಳು ಒಂದೇ ವಾರದ ಅಂತರದಲ್ಲಿ ಬಂದವು. ನನಗೆ ಏನು ಬೇಕು, ಏನು ಬೇಡ, ನಿನ್ನಿಂದ ಅದು ಆಗುತ್ತದಾ ಅಂತ ಹೆಣ್ಣೇ ಗಂಡಿಗೆ ಕೇಳುವ ಹಾಡುಗಳು. ಇದು ಹೊಸದೇನೂ ಆಗಿರಲಿಲ್ಲ. ಲೂಸಿಲ್ ಬೋಗನ್ ಅನ್ನುವ ಬ್ಲೂಸ್ ಗಾಯಕಿ 1935ರಲ್ಲೇ ಒಂದು ಹಾಡನ್ನು ಎರಡು ರೀತಿ ರೆಕಾರ್ಡ್ ಮಾಡಿದ್ದರು. ಒಂದು ಮಾರಾಟಕ್ಕೆ, ಇನ್ನೊಂದು ಏನೂ ಮುಚ್ಚುಮರೆ ಇಲ್ಲದ್ದು. ಆ ಎರಡನೆಯದು ಕೇಳಿದರೆ ಇವತ್ತಿನವರೂ ಕಿವಿ ಮುಚ್ಚಿಕೊಳ್ಳಬೇಕು.

ಈಗ ನೀವು ಕೇಳಿದ ಕಾರ್ಡಿ ಬಿ. 2020ರ ಆಗಸ್ಟ್‌ನಲ್ಲಿ ಅವರು ಮೆಗನ್ ದಿ ಸ್ಟ್ಯಾಲಿಯನ್ ಜೊತೆ ಹಾಡಿದ, ಹೆಣ್ಣಿನ ಕಾಮದ ಬಗ್ಗೆ ಹಸಿಹಸಿಯಾಗಿ ಮಾತಾಡುವ ‘ವ್ಯಾಪ್’ ಬಂತು. ಮೊದಲ ವಾರದಲ್ಲೇ ಅಮೆರಿಕದಲ್ಲಿ 9.3 ಕೋಟಿ ಸಲ ಸ್ಟ್ರೀಮ್ ಆಯಿತು, ನೇರವಾಗಿ ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಬಲಪಂಥೀಯ ನಿರೂಪಕ ಬೆನ್ ಶಪೀರೊ ಅದರ ಸಾಲುಗಳನ್ನು ತಮ್ಮ ಶೋನಲ್ಲಿ ಓದಿ ಟೀಕಿಸಿದರು. ಈ ಹಾಡಿನ ತಳದಲ್ಲಿ ಒಂದು ಗಂಡು ದನಿ ಇದೆ, ಅದನ್ನು ಗಮನಿಸಿ. ಈ ಮನೆಯಲ್ಲಿ ಸೂಳೆಯರಿದ್ದಾರೆ ಅಂತ ಅದು ಮತ್ತೆ ಮತ್ತೆ ಕೂಗುತ್ತದೆ. ಅದು ಫ್ರ್ಯಾಂಕ್ ಸ್ಕೀ ಅವರ 1993ರ ಕ್ಲಬ್ ಹಾಡಿನಿಂದ ತೆಗೆದ ತುಂಡು. ಅದೇ ಬೈಗುಳವನ್ನು ನೆಲವಾಗಿ ಹಾಸಿ, ಇಬ್ಬರು ಹೆಣ್ಣುಮಕ್ಕಳು ಅದರ ಮೇಲೆ ನಿಂತು ತಮಗೆ ಬೇಕಾದ್ದನ್ನು ಹೇಳುತ್ತಾರೆ. ಪದ ಒಂದೇ ತಾನೆ ಅಂದಿರಲ್ಲ, ಹೌದು, ಒಂದೇ. ಆದರೆ ಅಲ್ಲಿ ಅದು ಅವಳ ಮೇಲೆ ಬಿದ್ದ ಪದ. ಇಲ್ಲಿ ಅದಕ್ಕೆ ಅವಳು ಉತ್ತರ ಕೊಡುತ್ತಿದ್ದಾಳೆ.

ಆ ವರ್ಷದ ಡಿಸೆಂಬರಿನಲ್ಲಿ ಹಿರಿಯ ರ‍್ಯಾಪ್ ಗಾಯಕ ಸ್ನೂಪ್ ಡಾಗ್ ಕೂಡ ಬುದ್ಧಿ ಹೇಳಿದರು. ಸ್ವಲ್ಪ ಗುಟ್ಟು ಇರಲಿ, ಕಲ್ಪನೆಗೆ ಜಾಗ ಬಿಡಿ ಅಂತ. 2003ರಲ್ಲಿ ಇಬ್ಬರು ಹೆಂಗಸರ ಕೊರಳಿಗೆ ಪಟ್ಟಿ ಹಾಕಿಸಿ ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಕರೆದುಕೊಂಡು ಬಂದವರು ಅವರು. ವಯಸ್ಸಾದ ಮೇಲೆ ತಮ್ಮ ನೋಟ ಬದಲಾಗಿದೆ ಅಂತ ಅವರೇ ಒಪ್ಪಿಕೊಂಡರು. ಇರಬಹುದು, ಮನುಷ್ಯ ಬದಲಾಗುತ್ತಾನೆ. ಆದರೆ ಗುಟ್ಟಿನ ಪಾಠ ಮೊದಲು ಹೆಣ್ಣಿಗೇ ಯಾಕೆ?

ಇದೇ ಪ್ರಶ್ನೆಯನ್ನು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ನೂರು ವರ್ಷಕ್ಕೂ ಹಿಂದೆ ಕೇಳಿದ್ದರು. ತಂಜಾವೂರಿನ ಕವಯಿತ್ರಿ ಮುದ್ದುಪಳನಿ ಹದಿನೆಂಟನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ ಶೃಂಗಾರ ಕಾವ್ಯವನ್ನು ಅವರು 1910ರಲ್ಲಿ ಅಚ್ಚು ಹಾಕಿಸಿದರು. ಹೆಣ್ಣು ಬಾಯಲ್ಲಿ ಹೇಳಬಾರದ ಮಾತುಗಳಿವೆ ಅಂತ ಕಂದುಕೂರಿ ವೀರೇಶಲಿಂಗಂ ಅವರಂಥ ಸಮಾಜ ಸುಧಾರಕರೇ ಜರೆದಿದ್ದರು. ನಾಚಿಕೆ ಹೆಣ್ಣಿಗೆ ಮಾತ್ರವೇ, ಗಂಡು ಕವಿಗಳಿಗೆ ಇಲ್ಲವೇ ಅಂತ ನಾಗರತ್ನಮ್ಮ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ಹೋಗಿದ್ದು 1947ರಲ್ಲಿ.

ಹಾಗಾದರೆ ಟೀಕಿಸುವವರೆಲ್ಲ ಮಡಿವಂತರೇ? ಖಂಡಿತ ಅಲ್ಲ. ಈ ಹಾಡುಗಳನ್ನು ಕಂಡು ನೋಯುವ ಹಿರಿಯ ಕಪ್ಪು ಹೆಂಗಸರ ಮಾತು ನನಗೆ ರಾಜಕಾರಣಿಗಳ ಮಾತಿಗಿಂತ ಬಹಳ ದೊಡ್ಡದು. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಣ್ಣೆಂದರೆ ಸದಾ ಕಾಮಾತುರೆ ಅನ್ನುವ ಸುಳ್ಳನ್ನು ಹಬ್ಬಿಸಿದ್ದರು. ಒಡೆಯರು ಮಾಡಿದ ಅತ್ಯಾಚಾರಕ್ಕೆ ಅದೇ ನೆಪವಾಗಿತ್ತು. ಆ ಕಳಂಕ ತೊಳೆಯಲು ಅವರ ಅಜ್ಜಿಯರು ಚರ್ಚಿನಲ್ಲಿ, ಮಹಿಳಾ ಸಂಘಗಳಲ್ಲಿ ನಡೆ, ನುಡಿ, ಉಡುಪು ಎಲ್ಲದರಲ್ಲೂ ಮರ್ಯಾದೆಯನ್ನು ಗುರಾಣಿಯ ಹಾಗೆ ಹಿಡಿದು ಬದುಕಿದರು. ತೊಂಬತ್ತರ ದಶಕದಲ್ಲಿ ರ‍್ಯಾಪ್ ಸಾಹಿತ್ಯದ ವಿರುದ್ಧ ಹೋರಾಡಿದ ಸಿ. ಡೆಲೋರೆಸ್ ಟಕರ್, ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದ ನಾಗರಿಕ ಹಕ್ಕುಗಳ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದವರು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಮೊಮ್ಮಕ್ಕಳು ಎತ್ತಿ ಎಸೆದಂತೆ ಕಂಡರೆ ಸಂಕಟವಾಗದೆ ಇರುತ್ತದಾ?

ಇನ್ನೊಂದು ಮಾತು ದುಡ್ಡಿನದು. ಹೆಣ್ಣು ಏನು ಬೇಕಾದರೂ ಹಾಡಬಹುದು ಸರಿ, ಆದರೆ ಮಾರುಕಟ್ಟೆ ಯಾವುದನ್ನು ಎತ್ತಿ ಆಡಿಸುತ್ತದೆ? 2019ರಲ್ಲಿ ನಿರ್ಮಾಪಕ ಜರ್ಮೇನ್ ಡುಪ್ರಿ, ಈಗಿನ ಹುಡುಗಿಯರ ರ‍್ಯಾಪ್ ಎಲ್ಲ ಸ್ಟ್ರಿಪ್ಪರ್‌ಗಳ, ಅಂದರೆ ಕ್ಲಬ್ಬಿನಲ್ಲಿ ಬಟ್ಟೆ ಕಳಚಿ ಕುಣಿಯುವವರ, ರ‍್ಯಾಪ್ ಥರ ಇದೆ ಅಂದರು. ಕಾರ್ಡಿ ಬಿ ಕೊಟ್ಟ ಉತ್ತರ ಸರಿಯಾಗಿತ್ತು: ಬೇರೆ ಥರ ಹಾಡುವ ರ‍್ಯಾಪ್ಸೊಡಿ ಇದ್ದಾರೆ, ಟಿಯೆರಾ ವ್ಯಾಕ್ ಇದ್ದಾರೆ, ಅವರನ್ನು ನೀವು ಯಾಕೆ ಬೆಂಬಲಿಸುವುದಿಲ್ಲ? ಅದೇ ವರ್ಷ ರ‍್ಯಾಪ್ಸೊಡಿ, ಪ್ರತಿ ಹಾಡಿಗೂ ಒಬ್ಬ ಕಪ್ಪು ಹೆಣ್ಣಿನ ಹೆಸರಿಟ್ಟು ಒಂದು ಇಡೀ ಆಲ್ಬಮ್ ಮಾಡಿದರು. ‘ವ್ಯಾಪ್’ ಕೇಳಿದ ಎಷ್ಟು ಜನ ಅದನ್ನು ಕೇಳಿದ್ದಾರೆ? ನಾನು ಪೂರ್ತಿ ಸ್ವಾತಂತ್ರ್ಯ ಅನ್ನಲು ಹಿಂಜರಿಯುವುದು ಇಲ್ಲಿ. ಹತ್ತು ಬಾಗಿಲಲ್ಲಿ ಒಂದೇ ತೆರೆದಿದ್ದರೆ, ಆ ಬಾಗಿಲಿನಿಂದ ಒಳಗೆ ಬಂದವಳ ತಪ್ಪು ಅದಲ್ಲ. ಬಾಗಿಲು ಕಾಯುವವರನ್ನು ಕೇಳಬೇಕು. ಇಂಥ ಹಾಡುಗಳಲ್ಲಿ ಬೇರೆ ಹೆಣ್ಣುಗಳನ್ನು ಹೀಯಾಳಿಸುವ ಸಾಲುಗಳೂ ಬರುತ್ತವೆ. ಅವು ನನಗೆ ಒಂಚೂರೂ ಇಷ್ಟವಾಗುವುದಿಲ್ಲ.

ಮನೆಯಲ್ಲಿ ಮಗಳು ಕೇಳುತ್ತಿದ್ದಾಳೆ, ಏನು ಮಾಡಲಿ ಅನ್ನುವ ತಾಯಂದಿರಿಗೆ ಒಂದು ಮಾತು. ನಿಮ್ಮ ಆ್ಯಪ್‌ನಲ್ಲಿ ಹಾಡಿನ ಪಕ್ಕ ಇರುವ, ಹಸಿ ಮಾತಿದೆ ಅಂತ ಎಚ್ಚರಿಸುವ ‘ಇ’ ಗುರುತಿನ ಹಿಂದೆಯೂ ಒಬ್ಬ ತಾಯಿ ಇದ್ದಾರೆ. ಟಿಪ್ಪರ್ ಗೋರ್, ಹನ್ನೊಂದು ವರ್ಷದ ಮಗಳಿಗೆ ಕೊಡಿಸಿದ ಗಾಯಕ ಪ್ರಿನ್ಸ್ ಅವರ ಆಲ್ಬಮ್ ಕೇಳಿ ಗಾಬರಿಯಾದವರು. 1985ರಲ್ಲಿ ಸೆನೆಟ್‌ವರೆಗೂ ಹೋದ ಅವರ ಗುಂಪಿನ ಒತ್ತಾಯದಿಂದಲೇ ಎಚ್ಚರಿಕೆಯ ಚೀಟಿ ಬಂತು. ಚಿಕ್ಕ ಮಕ್ಕಳಿಗೆ ಅದು ಬೇಕು, ಬಳಸಿ. ಆದರೆ ಹದಿನಾರು ಹದಿನೇಳರ ಹುಡುಗಿ ಹೇಗೂ ಕೇಳಿರುತ್ತಾಳೆ. ಫೋನ್ ಕಿತ್ತುಕೊಳ್ಳುವ ಬದಲು ಜೊತೆಗೆ ಕೂತು ರ‍್ಯಾಪ್ ಗಾಯಕಿ ಕ್ವೀನ್ ಲತೀಫಾ ಅವರ 1993ರ ‘ಯುನಿಟಿ’ ಹಾಕಿ. ಬೀದಿಯಲ್ಲಿ ಮೈ ಮುಟ್ಟಿದವನನ್ನು, ಮನೆಯಲ್ಲಿ ಕೈ ಎತ್ತಿದವನನ್ನು ಎದುರಿಸಿ ನಿಲ್ಲುವ ಹಾಡು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಹೆಣ್ಣನ್ನು ಬೈಯುವ ಆ ಕೆಟ್ಟ ಪದ ಅದರಲ್ಲೂ ಇದೆ. ಯಾಕಿದೆ ಅಂತ ಮಗಳನ್ನೇ ಕೇಳಿ ನೋಡಿ.